ಮಾವನ ಎದೆಯ ಚುಕ್ಕೆ

ನನ್ನ ಮಾವ ಸೋಫಾ ಹೊಲಿಯುವವರು. ಹೊಲಿಯುವವರು ಅಂದರೆ ಅವರಿಗೆ ಸಿಟ್ಟು ಬರುತ್ತದೆ. ಹೊಲಿಗೆ ಅದರಲ್ಲಿ ಕಾಲು ಭಾಗ, ಸ್ಪ್ರಿಂಗ್ ಕಟ್ಟುವುದು, ನಾರು ತುಂಬುವುದು, ಬಟ್ಟೆ ಬಿಗಿದು ಮೊಳೆ ಹೊಡೆಯುವುದು ಉಳಿದ ಮುಕ್ಕಾಲು ಎಂದು ನಾನು ಸೊಸೆಯಾಗಿ ಬಂದ ವಾರವೇ ಪಾಠ ಮಾಡಿದ್ದರು. ಪಾಠ ಮಾಡುವಾಗ ಬಾಯಿ ತುಂಬ ಮೊಳೆ ಇದ್ದದ್ದರಿಂದ ನನಗೆ ಅರ್ಧ ಅರ್ಥವಾಗಿರಲಿಲ್ಲ.

ಈ ಮೊಳೆಯ ವಿಷಯ ಮೊದಲೇ ಹೇಳಿಬಿಡಬೇಕು. ಸೋಫಾಕ್ಕೆ ಬಟ್ಟೆ ಹಾಕುವಾಗ ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಮೂರನೇ ಕೈ ಬೇಕು. ಮಾವನಿಗೆ ಅದು ಬಾಯಿ. ಒಂದಷ್ಟು ಚಿಕ್ಕ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲಿ ಒಂದೊಂದನ್ನೇ ತುಟಿಯ ತುದಿಗೆ ತಂದು, ಟಕ್ ಟಕ್ ಎಂದು ಹೊಡೆಯುತ್ತಾ ಹೋಗುತ್ತಾರೆ. ಅತ್ತೆಗೆ ಮದುವೆಯಾದಾಗಿನಿಂದ ಇದೇ ಒಂದು ತಲೆನೋವು.

"ಒಂದಿನ ನುಂಗ್ತೀರ ನೋಡಿ," ಎನ್ನುತ್ತಾರೆ ಅತ್ತೆ.

"ಊಂ," ಎನ್ನುತ್ತಾರೆ ಮಾವ.

"ನನ್ನ ಮಾತಿಗೆ ಉತ್ತರ ಕೊಡಬಾರ್ದು ಅಂತಾನೇ ಬಾಯಿಗೆ ಮೊಳೆ ಹಾಕ್ಕೊಳ್ಳೋದು ನೀವು."

ಅದಕ್ಕೂ ಊಂ. ಅತ್ತೆಯ ಮಾತಿನಲ್ಲಿ ನಿಜ ಇಲ್ಲದೆ ಇರಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದೆ ಅಡುಗೆಮನೆ, ನಡುವೆ ಹಜಾರ. ಹಜಾರದ ಕಿಟಕಿಯ ಪಕ್ಕ ಅಜ್ಜಿಯ ಕುರ್ಚಿ. ಅಜ್ಜಿ ಎಂದರೆ ಮಾವನ ತಾಯಿ. ಆ ಕುರ್ಚಿಯನ್ನು ಮಾವ ಬಹಳ ವರ್ಷಗಳ ಹಿಂದೆ ಮಾಡಿಕೊಟ್ಟದ್ದು, ಅದಕ್ಕೆ ನಾವೆಲ್ಲ ಸಿಂಹಾಸನ ಎನ್ನುತ್ತೇವೆ. ಬಟಾಣಿ ಸುಲಿಯುವುದು, ಬೀದಿ ನೋಡುವುದು, ನಮ್ಮನ್ನೆಲ್ಲ ಆಳುವುದು, ಎಲ್ಲ ಅಲ್ಲಿಂದಲೇ. ಬಲಗೈ ಕೆಲಸದಲ್ಲಿರುತ್ತದೆ. ಎಡಗೈ ಮಾತ್ರ ಸದಾ ಕುರ್ಚಿಯ ಕೈಮೇಲೆ ಚಾಚಿಕೊಂಡು ಬಿದ್ದಿರುತ್ತದೆ. ಬಟ್ಟೆ ಅಲ್ಲಿ ಸವೆದು ನುಣ್ಣಗಾಗಿದೆ. ಬದಲಾಯಿಸೋಣ ಎಂದರೆ, "ನಾನು ಹೋದ ಮೇಲೆ ಬದಲಾಯ್ಸಿ, ಅಲ್ಲೀತನಕ ಯಾರೂ ಮುಟ್ಟೋ ಹಾಗಿಲ್ಲ," ಎಂಬುದು ಅಜ್ಜಿಯ ಅಪ್ಪಣೆ.

ಹೀಗಿರುವಾಗ ಊರಾಚೆಯ ತರಬೇತಿ ಕೇಂದ್ರದವರು ಅಂಗಡಿಗೆ ಬಂದು, ಹುಡುಗ ಹುಡುಗಿಯರಿಗೆ ಸೋಫಾ ಕೆಲಸ ಕಲಿಸಲು ಒಬ್ಬರು ಬೇಕು, ನೀವೇ ಬರಬೇಕು ಎಂದು ಮಾವನನ್ನು ಕೇಳಿದರು. ಮಾವ ಮೊಳೆಗಳನ್ನು ಅಂಗೈಗೆ ಉಗುಳಿ, "ನಾನಾ?" ಎಂದರು. ಚಿಕ್ಕವರಿದ್ದಾಗ ಲೆಕ್ಕ ತಪ್ಪಿತೆಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಮುನಿಸಿಕೊಂಡು ಸ್ಕೂಲು ಬಿಟ್ಟವರು ಅವರು. ಈಗ ತಾವೇ ಮೇಷ್ಟ್ರಾಗುವ ಕಾಲ ಬಂದಿತ್ತು. ಆವತ್ತಿನಿಂದ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೊಸ ಅಂಗಿ ಹೊಲಿಸಿದರು. ಒಂದು ಡಬ್ಬಿ ಚಾಕ್‌ಪೀಸ್ ತಂದು, ಹಿತ್ತಿಲ ಬಾಗಿಲಿನ ಮೇಲೆ "ಸ್ಪ್ರಿಂಗ್ ಕಟ್ಟುವ ವಿಧಾನ" ಎಂದು ದೊಡ್ಡದಾಗಿ ಬರೆದು, ಹಿಂದೆ ಸರಿದು ನಿಂತು, ಅಕ್ಷರ ಸೊಟ್ಟಗಿದೆಯೇ ಎಂದು ನನ್ನನ್ನು ಕೇಳಿದರು. ಸೊಟ್ಟಗಿತ್ತು. ಚೆನ್ನಾಗಿದೆ ಎಂದೆ.

ನನ್ನ ಗಂಡನಿಗೂ ಖುಷಿಯೇ. ಅಪ್ಪ ಕಲಿಸಲು ಹೋದರೆ ಅಂಗಡಿ ಅವನ ಕೈಗೆ ಬರುತ್ತದೆ. ಆಗ ಮೊಳೆಯ ಕಾಲ ಮುಗಿದು ಪಿನ್ ಹೊಡೆಯುವ ಗನ್ನಿನ ಕಾಲ ಶುರು. ಗನ್ ಆಗಲೇ ತಂದು ಕಪಾಟಿನಲ್ಲಿ ಬಚ್ಚಿಟ್ಟಿದ್ದ.

ಕೆಲಸಕ್ಕೆ ಸೇರುವ ಮೊದಲು ಆರೋಗ್ಯ ತಪಾಸಣೆ ಆಗಬೇಕಿತ್ತು. ಕಣ್ಣು ಸರಿ, ರಕ್ತ ಸರಿ, ಎದೆಯ ಎಕ್ಸ್‌ರೇಯಲ್ಲಿ ಮಾತ್ರ ಒಂದು ಬಿಳಿ ಚುಕ್ಕೆ.

ಆ ದಿನ ಆಸ್ಪತ್ರೆಗೆ ಅತ್ತೆಯೂ ನಾನೂ ಜೊತೆಗೆ ಹೋಗಿದ್ದೆವು. ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು, ಪೆನ್ನಿನ ತುದಿಯಲ್ಲಿ ತೋರಿಸಿದರು. ಬಲಗಡೆಯ ಶ್ವಾಸಕೋಶದಲ್ಲಿ, ಬಟಾಣಿಗಿಂತ ಚಿಕ್ಕದಾಗಿ, ದುಂಡಗೆ ಇತ್ತು.

"ಗಾಬರಿ ಬೀಳ್ಬೇಡಿ," ಎಂದರು. "ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಇಂಥದ್ದು ಎಷ್ಟೋ ಜನರಲ್ಲಿ ಕಾಣುತ್ತೆ. ಯಾವತ್ತೋ ಸೋಂಕು ಬಂದು ವಾಸಿಯಾಗಿರುತ್ತೆ, ಅದರ ಕಲೆ ಉಳಿದಿರುತ್ತೆ. ಹೆಚ್ಚಿನವು ಏನೂ ತೊಂದ್ರೆ ಮಾಡಲ್ಲ. ಆದ್ರೆ ಇದು ಹಳೇದೋ ಹೊಸದೋ ಅಂತ ಒಂದೇ ಫಿಲ್ಮ್ ನೋಡಿ ಹೇಳೋಕಾಗಲ್ಲ."

ಅತ್ತೆ ಮುಂದೆ ಬಾಗಿದರು. "ಮೊಳೆ ಇರ್ಬಹುದಾ ಡಾಕ್ಟ್ರೇ?"

"ಮೊಳೆಯಾ?"

"ಸೋಫಾ ಮೊಳೆ. ಇವರು ಬಾಯಲ್ಲಿ ಇಟ್ಕೋತಾರೆ. ಬೇಡ ಅಂತ ಬಡ್ಕೊಂಡ್ರೂ ಕೇಳಲ್ಲ."

ಡಾಕ್ಟರಮ್ಮ ನಕ್ಕರು. "ಮೊಳೆ ಆಗಿದ್ರೆ ಮೊಳೆ ಥರಾನೇ ಕಾಣ್ತಿತ್ತಮ್ಮ."

"ತಲೆ ಕಡೆಯಿಂದ ನೋಡಿದ್ರೆ ಮೊಳೆ ದುಂಡಗೇ ಅಲ್ವಾ ಕಾಣೋದು?"

ಡಾಕ್ಟರಮ್ಮ ಫಿಲ್ಮನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು. "ಒಳ್ಳೇ ಪ್ರಶ್ನೆ. ಆದ್ರೆ ಲೋಹ ಇದಕ್ಕಿಂತ ತುಂಬಾ ಬೆಳ್ಳಗೆ, ಅಂಚು ಕೊರೆದ ಹಾಗೆ ಕಾಣುತ್ತೆ. ಇದು ಅದಲ್ಲ." ಆಮೇಲೆ ಮಾವನ ಕಡೆ ತಿರುಗಿದರು. "ಹಿಂದೆ ಯಾವಾಗ್ಲಾದ್ರೂ ಎದೆ ಎಕ್ಸ್‌ರೇ ತೆಗೆಸಿದ್ರಾ?"

ಮಾವ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹೇಳಿದರು. "ತೆಗೆಸಿದ್ವಿ. ಮಗ ಅಂಬೆಗಾಲಿಡ್ತಿದ್ದಾಗ ಇವರಿಗೆ ಕೆಮ್ಮು ಜ್ವರ ಬಂದು ಹಾಸಿಗೆ ಹಿಡಿದಿದ್ರು. ಜ್ವರ ಬಿಟ್ಟ ಮೇಲೆ ತೆಗೆದ ಫಿಲ್ಮು ಮನೇಲೇ ಇದೆ."

"ಹಾಗಾದ್ರೆ ಅದನ್ನ ತನ್ನಿ. ಚುಕ್ಕೆ ಆಗಲೂ ಇಷ್ಟೇ ಇದ್ರೆ, ಇಷ್ಟು ವರ್ಷ ಬೆಳೀದೇ ಇರೋದು ಇನ್ನು ಮುಂದೆ ನಿಮಗೇನೂ ಮಾಡಲ್ಲ. ನಾನು ಇವತ್ತೇ ಸಹಿ ಹಾಕ್ತೀನಿ. ಸಿಗದಿದ್ರೆ ಸ್ಕ್ಯಾನ್ ಮಾಡಿಸ್ಬೇಕು. ಅದರ ಸರದಿ ಬರೋಕೆ ತಿಂಗಳುಗಟ್ಟಲೆ ಆಗುತ್ತೆ."

ತರಬೇತಿ ಕೇಂದ್ರದಲ್ಲಿ ತರಗತಿ ಶುರುವಾಗುವುದು ಬರುವ ತಿಂಗಳ ಮೊದಲಿಗೆ. ತಡವಾದರೆ ಬೇರೆಯವರನ್ನು ಹುಡುಕಿಕೊಳ್ಳುತ್ತೇವೆ ಎಂದು ಮೊದಲೇ ಹೇಳಿದ್ದರು. ಮಾವ ದಾರಿಯುದ್ದಕ್ಕೂ ಮಾತಾಡಲಿಲ್ಲ. ಬಾಯಲ್ಲಿ ಮೊಳೆಯೂ ಇರಲಿಲ್ಲ. ಮನೆಗೆ ಬಂದವರೇ ಹಿತ್ತಿಲಿಗೆ ಹೋಗಿ, ಒದ್ದೆ ಬಟ್ಟೆಯಿಂದ ಬಾಗಿಲ ಮೇಲಿನ ಅಕ್ಷರ ಒರೆಸಿಬಿಟ್ಟರು. ಅಡುಗೆಮನೆಯಿಂದ ನಾನು ಅದನ್ನು ನೋಡಿದೆ.

ಆಮೇಲಿನ ದಿನಗಳಲ್ಲಿ ನಾವೆಲ್ಲ ಸೇರಿ ಚೆನ್ನಾಗಿದ್ದ ಮನುಷ್ಯನನ್ನು ರೋಗಿ ಮಾಡಿದೆವು. ಅತ್ತೆ ಎಣ್ಣೆ ನಿಲ್ಲಿಸಿ ಎಲ್ಲವನ್ನೂ ಬೇಯಿಸತೊಡಗಿದರು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ, ಬೇಯಿಸಿದ ಕುಂಬಳ. ಎದೆಯ ಚುಕ್ಕೆಗೂ ಎಣ್ಣೆಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಚಪ್ಪಲಿ ಅಂಗಡಿಯ ಕೆಲಸ ಮುಗಿಸಿ ಬರುವಾಗ ದಿನಾ ಕಿತ್ತಳೆ ತರತೊಡಗಿದೆ. ನನ್ನ ಗಂಡ ಸುತ್ತಿಗೆಯನ್ನು ಎತ್ತಿಟ್ಟ.

"ಸುತ್ತಿಗೆ ಎಲ್ಲೋ?" ಎಂದು ಮಾವ ಕೇಳಿದರು.

"ನೀವು ಕೂತ್ಕೊಳ್ಳಿ ಅಪ್ಪ. ನಾನು ನೋಡ್ಕೋತೀನಿ."

"ಚುಕ್ಕೆ ಇರೋದು ನನ್ನ ಎದೇಲಿ ಕಣೋ, ಕೈಯಲ್ಲಲ್ಲ."

"ಆದ್ರೂ ದಣಿಬಾರ್ದು."

"ಗನ್ ತಂದು ಬಚ್ಚಿಟ್ಟಿದ್ದೀಯಲ್ಲ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ನಾನು ಮೂಲೆ ಸೇರಲಿ ಅಂತ ಕಾಯ್ತಿದ್ದೀಯ."

ಇವನಿಗೂ ಎಲ್ಲಿತ್ತೋ ಸಿಟ್ಟು, ಉಕ್ಕಿಬಂತು. "ನೀವು ಮೇಷ್ಟ್ರಾಗಿ ಹೋಗ್ಲಿ ಅಂತ ಕಾಯ್ತಿದ್ದೀನಿ! ನಿಮ್ಮನ್ನ ಮೂಲೇಲಿ ಕೂರಿಸಿ ಗನ್ ಹೊಡೆಯೋಕೆ ನನಗೇನು ಹುಚ್ಚಾ?"

ಅಪ್ಪ ಮಗ ಇಬ್ಬರೂ ಆ ಹೊತ್ತು ಊಟಕ್ಕೆ ಬರಲಿಲ್ಲ. ಅಜ್ಜಿ ಸಿಂಹಾಸನದಿಂದಲೇ, "ಬರದಿದ್ರೆ ಬಿಡಿ, ಆ ಬೇಯಿಸಿದ ಕುಂಬಳಕಾಯಿಗೆ ಯಾರಾದ್ರೂ ಮುನಿಸ್ಕೋಬೇಕಾದ್ದೇ," ಎಂದರು.

ಇತ್ತ ಹಳೆಯ ಎಕ್ಸ್‌ರೇ ಸಿಗಲಿಲ್ಲ. ಅತ್ತೆ ಟ್ರಂಕು ತೆಗೆದರು, ಕಪಾಟು ತೆಗೆದರು, ಅಟ್ಟ ಹತ್ತಿದರು. ಹಾಸಿಗೆ ಎತ್ತಿ ಕೊಡವಿದರು. ನನ್ನ ಗಂಡನ ಎಲ್ಲ ಹಳೆಯ ಅಂಗಿಗಳು ಸಿಕ್ಕವು, ಎಂದೋ ಕಳೆದ ಒಂದು ಕಿವಿಯೋಲೆ ಸಿಕ್ಕಿತು, ಫಿಲ್ಮು ಮಾತ್ರ ಇಲ್ಲ.

"ನೀವೇ ಯಾರಿಗೋ ಕೊಟ್ಟಿರ್ತೀರ," ಎಂದು ಅಜ್ಜಿಯ ಮೇಲೆ ಹರಿಹಾಯ್ದರು.

"ನಿನ್ನ ಗಂಡನ ಎಲುಬು ಕಟ್ಕೊಂಡು ನನಗೇನಾಗ್ಬೇಕಿತ್ತೇ? ಯಾರು ಇಸ್ಕೋತಿದ್ರು ಅದನ್ನ?" ಅಜ್ಜಿಯೂ ಬಿಡಲಿಲ್ಲ.

"ನಾನು ಆಸ್ಪತ್ರೇಲಿ ಮಗೂನ ಸೊಂಟದ ಮೇಲೆ ಇಟ್ಕೊಂಡು ಸಾಲಲ್ಲಿ ನಿಂತು ತಂದಿದ್ದು. ಜೋಪಾನ ಮಾಡಿದ್ದೆ. ಅದಕ್ಕೇನು ಕಾಲು ಬಂತಾ?"

ನನಗೆ ಒಂದು ವಿಷಯ ವಿಚಿತ್ರವಾಗಿ ಕಂಡಿತು. ಮನೆಯೆಲ್ಲ ತಲೆಕೆಳಗಾಗುತ್ತಿದ್ದರೂ ಮಾವ ಒಮ್ಮೆಯೂ ಹುಡುಕಲು ಏಳಲಿಲ್ಲ. ಅತ್ತೆ ಅಟ್ಟದಿಂದ ಇಳಿಯುವಾಗೆಲ್ಲ ಅವರ ಬಾಯಲ್ಲಿ ಮೊಳೆ ಇರುತ್ತಿತ್ತು. ಕೈಯಲ್ಲಿ ಸುತ್ತಿಗೆಯೇ ಇಲ್ಲದವರಿಗೆ ಬಾಯಲ್ಲಿ ಮೊಳೆ ಏಕೆ?

ಒಂದು ಭಾನುವಾರ ಮಧ್ಯಾಹ್ನ ಅಜ್ಜಿಯೊಬ್ಬರನ್ನು ಬಿಟ್ಟು ಎಲ್ಲರೂ ಊಟಕ್ಕೆ ಮೇಜಿಗೆ ಕೂತಿದ್ದೆವು. ಅತ್ತೆ ಚಮಚ ಹಿಡಿದವರು ಸುಮ್ಮನೆ ಕೂತುಬಿಟ್ಟರು. ಜಗಳವಾಡುವ ಅತ್ತೆಯನ್ನು ನಾನು ಬಲ್ಲೆ. ಇವರು ಬೇರೆ ಯಾರೋ ಎನ್ನುವಂತಿದ್ದರು. "ಆಗ ಇವರು ಮಲಗೋಕಾಗ್ದೆ ಗೋಡೆಗೆ ಒರಗಿ ಕೂತಿರ್ತಿದ್ರು," ಎಂದರು. "ನಾನೂ ಪಕ್ಕದಲ್ಲಿ ಕೂತಿರ್ತಿದ್ದೆ. ಉಸಿರು ಎಣಿಸ್ಕೊಂಡು. ಮತ್ತೆ ಅದನ್ನ ಎಣಿಸೋಕೆ ನನ್ನ ಕೈಲಾಗಲ್ಲ." ಅವರ ಕಣ್ಣಿಂದ ನೀರು ತಟ್ಟೆಗೆ ಬಿತ್ತು.

ಮಾವ ಆಲೂಗಡ್ಡೆಯನ್ನು ತಟ್ಟೆಯ ಈ ಕಡೆಯಿಂದ ಆ ಕಡೆಗೆ ತಳ್ಳಿದರು. ಮತ್ತೆ ಈ ಕಡೆಗೆ ತಂದರು.

"ಹುಡುಕ್ಬೇಡ ಕಣೇ," ಎಂದರು. "ಅದು ಎಲ್ಲಿದೆ ಅಂತ ನನಗೆ ಗೊತ್ತು."

ಅತ್ತೆ ತಲೆ ಎತ್ತಿದರು.

"ಕುರ್ಚೀಲಿದೆ. ಅಮ್ಮನ ಕುರ್ಚೀಲಿ."

"ಕುರ್ಚಿ ಕೆಳಗಾ? ಅಲ್ಲೂ ಗುಡಿಸಿದ್ದೀನಲ್ಲ!"

"ಕೆಳಗಲ್ಲ. ಒಳಗೆ." ಮಾವ ಈಗ ತಟ್ಟೆಗೇ ಹೇಳುತ್ತಿದ್ದರು. "ಜ್ವರ ಬಿಟ್ಟ ಮೇಲೆ ಮಾಡಿದ ಮೊದಲನೇ ಕೆಲಸ ಅದು. ಕುರ್ಚಿ ಕೈ ಮೇಲೆ ಬಟ್ಟೆ ನುಣ್ಣಗೆ ಕೂರ್ಬೇಕಾದ್ರೆ ಅಡಿಗೆ ತೆಳ್ಳಗೆ ಬಾಗೋ ಅಂಥದ್ದು ಏನಾದ್ರೂ ಬೇಕು. ರಟ್ಟು ನೆಂದಿತ್ತು. ಫಿಲ್ಮ್ ಚೆನ್ನಾಗಿ ಬಾಗ್ತಿತ್ತು. ಮಧ್ಯಕ್ಕೆ ಕತ್ತರಿಸಿ, ಅರ್ಧ ಒಂದು ಕೈಗೆ, ಅರ್ಧ ಇನ್ನೊಂದು ಕೈಗೆ ಹಾಕ್ದೆ."

ಅತ್ತೆಯ ಕಣ್ಣೀರು ಅಲ್ಲೇ ನಿಂತಿತು. ನಮ್ಮ ಹಳೇ ಅತ್ತೆ ವಾಪಸ್ಸು ಬಂದರು.

"ಸಾಲಲ್ಲಿ ನಿಂತು ತಂದಿದ್ದನ್ನ ಕುರ್ಚಿಗೆ ಹಾಕಿದ್ರಾ? ನಾನು ಅಟ್ಟ ಹತ್ತಿ ಇಳೀತಿದ್ರೆ ನೋಡ್ಕೊಂಡು ಕೂತಿದ್ರಾ?"

"ನಿನ್ನ ಬಾಯಿಗೆ ಹೆದರಿ..."

"ನನ್ನ ಬಾಯಿಗೆ ಹೆದರಿ ಕೆಲಸ ಕಳ್ಕೊಳ್ಳೋಕೆ ಹೊರಟಿದ್ರಾ?"

"ಅಮ್ಮನ ಕುರ್ಚಿ ಬಿಚ್ಬೇಕಲ್ಲ," ಎಂದರು ಮಾವ. "ಮುಟ್ಬೇಡಿ ಅಂತ ಅವಳ ಆಜ್ಞೆ."

ಎಲ್ಲರ ಕಣ್ಣೂ ಹಜಾರದ ಕಡೆ ತಿರುಗಿತು. ಅಜ್ಜಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಎಡಗೈ ಎಂದಿನಂತೆ ಕುರ್ಚಿಯ ಕೈಮೇಲಿತ್ತು. ಅದನ್ನು ನಿಧಾನವಾಗಿ ಎತ್ತಿ, ಕೆಳಗಿದ್ದ ಸವೆದ ಬಟ್ಟೆಯನ್ನು ನೋಡಿದರು.

"ನಿನ್ನ ಎದೆ ಇದರೊಳಗಿದೆಯೇನೋ?"

"ಹೂಂ ಅಮ್ಮ."

"ಇಷ್ಟು ವರ್ಷ ನನ್ನ ಮಗನ ಎದೆ ಮೇಲೆ ಕೈ ಇಟ್ಕೊಂಡು ಕೂತಿದ್ನಾ ನಾನು?"

ಅಜ್ಜಿ ತಟ್ಟೆಯನ್ನು ನನಗೆ ಕೊಟ್ಟು, ಕೋಲು ಊರಿಕೊಂಡು ಎದ್ದು ನಿಂತರು. "ಏನು ನೋಡ್ತಾ ನಿಂತಿದ್ದೀರ? ಬಿಚ್ಚಿ."

ನನ್ನ ಗಂಡ ಸುತ್ತಿಗೆಯನ್ನು ತಂದು ಅಪ್ಪನ ಕೈಗೇ ಕೊಟ್ಟ. ಅದು ಕ್ಷಮಾಪಣೆಯೆಂದು ಇಬ್ಬರಿಗೂ ಗೊತ್ತಿತ್ತು. ಮಾವ ಕುರ್ಚಿಯ ಬಲಗೈಯ ಮುಂದೆ ಮಂಡಿಯೂರಿದರು. "ಚುಕ್ಕೆ ಬಲಗಡೆ ಅಲ್ವಾ, ಇಲ್ಲೇ ಇರ್ಬೇಕು." ಮೊಳೆಗಳನ್ನು ಒಂದೊಂದಾಗಿ ಕಿತ್ತು, ಬಟ್ಟೆ ಮಡಿಸಿ, ಹತ್ತಿ ಸರಿಸಿದರು. ಅಡಿಯಲ್ಲಿ ಕಪ್ಪಗೆ ಹೊಳೆಯುವ ಫಿಲ್ಮು. ಅದನ್ನು ಬಿಡಿಸಿ ತೆಗೆದರು. ನಾವೆಲ್ಲ ಕಿಟಕಿಯ ಬೆಳಕಿಗೆ ನುಗ್ಗಿದೆವು. ಪಕ್ಕೆಲುಬುಗಳಿದ್ದವು, ಅವುಗಳ ಜೊತೆಗೆ ಹೃದಯದ ದೊಡ್ಡ ನೆರಳೂ ಇತ್ತು. ಚುಕ್ಕೆ ಇರಲಿಲ್ಲ.

ಅತ್ತೆಯ ಮುಖ ಬಿಳುಪೇರಿತು. "ಹಾಗಾದ್ರೆ ಆಗ ಇರ್ಲಿಲ್ಲ. ಇದು ಹೊಸದು."

"ತಡಿಯಮ್ಮ," ಎಂದ ನನ್ನ ಗಂಡ. "ಹೃದಯ ಇರೋದು ಎಡಕ್ಕಲ್ವಾ? ಇದು ಎಡ ಭಾಗ. ಅಪ್ಪ ಅದಲು ಬದಲು ಹಾಕಿದ್ದಾರೆ."

"ಕುರ್ಚಿಗೆ ಎಡ ಯಾವುದು, ಬಲ ಯಾವುದು ಅಂತ ನಾನೇನು ಡಾಕ್ಟರಾ?" ಎಂದು ಗೊಣಗುತ್ತಾ ಮಾವ ಇನ್ನೊಂದು ಕೈಗೆ ಸರಿದರು. ಅಜ್ಜಿಯ ಕೈ ಸದಾ ಇರುತ್ತಿದ್ದ ಕಡೆಗೆ. ಅಲ್ಲಿನ ಬಟ್ಟೆ ಎಷ್ಟು ಸವೆದಿತ್ತೆಂದರೆ ಮುಟ್ಟಿದರೆ ಹರಿಯುವಂತಿತ್ತು. ಹತ್ತಿ ಸರಿಸಿದ ಮಾವ ಅಲ್ಲೇ ಕಲ್ಲಾದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅಳುತ್ತಿರಲಿಲ್ಲ, ನಗುತ್ತಿದ್ದರು.

"ಬಾರೇ ಇಲ್ಲಿ," ಎಂದು ಅತ್ತೆಯನ್ನು ಕರೆದರು. "ನೀನು ಹೇಳಿದ್ದೇ ಸರಿ. ನನ್ನ ಎದೇಲಿ ಮೊಳೆ ಇದೆ."

ಬಗ್ಗಿ ನೋಡಿದೆವು. ಫಿಲ್ಮನ್ನು ಮರಕ್ಕೆ ಕೂರಿಸಲು ಹೊಡೆದ ಮೊಳೆಗಳೆಲ್ಲ ಅಂಚಿನಲ್ಲಿದ್ದವು. ಒಂದೇ ಒಂದು ಮಾತ್ರ ಒಳಗೆ, ಪಕ್ಕೆಲುಬುಗಳ ನಡುವೆ ಇತ್ತು. "ಬಿಳೀ ಗುರುತು ಕಾಣಿಸ್ತು," ಎಂದರು ಮಾವ. "ಮೊಳೆ ಹೊಡೆಯೋಕೆ ಯಾರೋ ಗುರುತು ಹಾಕಿಟ್ಟ ಹಾಗಿತ್ತು. ಹೊಡೆದೆ." ಇಕ್ಕಳದಿಂದ ಆ ಮೊಳೆಯನ್ನು ಕಿತ್ತು, ಫಿಲ್ಮನ್ನು ಬೆಳಕಿಗೆ ಹಿಡಿದರು. ಸೂಜಿ ಚುಚ್ಚಿದಷ್ಟು ತೂತು, ಅದರ ಸುತ್ತ ಬಟಾಣಿಗಿಂತ ಚಿಕ್ಕದಾದ ದುಂಡನೆಯ ಬಿಳಿ ಚುಕ್ಕೆ.

"ನಾನು ಹೇಳ್ಲಿಲ್ವಾ ಮೊಳೆ ಅಂತ!" ಎಂದು ಅತ್ತೆ ಕೂಗಿದರು. ಕೂಗಿ, ಅಜ್ಜಿಯನ್ನು ಅಪ್ಪಿಕೊಂಡುಬಿಟ್ಟರು. ಅತ್ತೆ ಅಜ್ಜಿಯನ್ನು ಅಪ್ಪಿಕೊಂಡದ್ದನ್ನು ನಾನು ಮೊದಲ ಸಲ ನೋಡಿದ್ದು. ಅಜ್ಜಿಯೂ ಮೊದಲ ಸಲವೇ ಕಂಡಿರಬೇಕು, ಕೋಲು ಬೀಳಿಸಿಬಿಟ್ಟರು.

ಮರುದಿನ ಡಾಕ್ಟರಮ್ಮನ ಮೇಜಿನ ಮೇಲೆ ಮಾವ ಎರಡು ತುಂಡುಗಳನ್ನು ಜೋಡಿಸಿಟ್ಟರು. ಅಂಚಿಗೆ ಅಂಟಿದ್ದ ಹತ್ತಿ ಉದುರಿತು. ಕೆಳಗೆ ಅಚ್ಚಾಗಿದ್ದ ಹೆಸರು ಮತ್ತು ತಾರೀಕು ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ ಇತ್ತು. ಕೂಡಿಸಿದಾಗ ಪೂರ್ತಿಯಾಯಿತು.

"ಇದೇನು, ಈ ಆಕಾರದಲ್ಲಿ?"

"ಕುರ್ಚಿ ಕೈ ಡಾಕ್ಟ್ರೇ," ಎಂದರು ಮಾವ ತಲೆ ತಗ್ಗಿಸಿ.

"ಈ ತೂತು?"

"ಮೊಳೆ," ಎಂದರು ಅತ್ತೆ ತಲೆ ಎತ್ತಿ.

ಡಾಕ್ಟರಮ್ಮನಿಗೆ ಕಥೆಯೆಲ್ಲ ಹೇಳಬೇಕಾಯಿತು. ಅವರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೊಸ ಫಿಲ್ಮನ್ನೂ ಹಳೆಯದನ್ನೂ ಅಕ್ಕಪಕ್ಕ ಬೆಳಕಿಗಿಟ್ಟು, ನಗು ಬಿಟ್ಟು, ಬಹಳ ಹೊತ್ತು ನೋಡಿದರು. ಪುಟ್ಟ ಅಳತೆಪಟ್ಟಿ ಇಟ್ಟರು. ಎಕ್ಸ್‌ರೇ ಓದುವ ಇನ್ನೊಬ್ಬ ಡಾಕ್ಟರನ್ನೂ ಕರೆದು ತೋರಿಸಿದರು. ನಾವು ಮೂವರೂ ಆ ಅಳತೆಪಟ್ಟಿಯನ್ನೇ ನೋಡುತ್ತಾ ಕೂತಿದ್ದೆವು.

"ಅದೇ ಜಾಗ, ಅದೇ ಅಳತೆ," ಎಂದರು ಕೊನೆಗೆ. "ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಆ ಜ್ವರದ ಗಾಯ ಮಾಯ್ದ ಗುರುತು ಇದು. ನೀವು ಹರಿದ ಸೋಫಾಕ್ಕೆ ತೇಪೆ ಹಾಕ್ತೀರಲ್ಲ, ಹಾಗೆ ನಿಮ್ಮ ಮೈ ಒಂದು ತೇಪೆ ಹಾಕ್ಕೊಂಡಿದೆ. ಇದಕ್ಕೆ ಔಷಧಿ ಬೇಡ, ಪಥ್ಯ ಬೇಡ."

"ಎಣ್ಣೆ ತಿನ್ನಬಹುದಾ?" ಎಂದು ಮಾವ ತಕ್ಷಣ ಕೇಳಿದರು.

"ಯಾರು ಬೇಡ ಅಂದಿದ್ದು?"

ಮಾವ ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಜಾಣತನ.

ಡಾಕ್ಟರಮ್ಮ ಸಹಿ ಹಾಕಿ, ಎರಡೂ ಫಿಲ್ಮುಗಳನ್ನು ವಾಪಸ್ಸು ಕೊಟ್ಟರು. "ಇವನ್ನ ಜೋಪಾನವಾಗಿಡಿ. ಮುಂದೆ ಯಾರಾದ್ರೂ ಈ ಚುಕ್ಕೆ ಕಂಡು ಗಾಬರಿಯಾದ್ರೆ ತೋರಿಸ್ಬೇಕು. ಇನ್ನೊಂದು ಮಾತು, ಮೊಳೆ ಬಾಯಲ್ಲಿ ಇಟ್ಕೊಳ್ಳೋದು ಒಳ್ಳೇದಲ್ಲ. ಅಷ್ಟರಮಟ್ಟಿಗೆ ನಿಮ್ಮ ಮನೆಯವರು ಹೇಳೋದು ಸರಿ." ಅತ್ತೆಗೆ ಪದಕ ಸಿಕ್ಕಿದಷ್ಟು ಸಂತೋಷವಾಯಿತು.

ಆ ಸಂಜೆ ಆಲೂಗಡ್ಡೆ ಎಣ್ಣೆಯಲ್ಲಿ ಸುಯ್ಯೆಂದಿತು. ಹಿತ್ತಿಲ ಬಾಗಿಲ ಮೇಲೆ "ಸ್ಪ್ರಿಂಗ್ ಕಟ್ಟುವ ವಿಧಾನ" ಮತ್ತೆ ಬಂತು, ಮೊದಲಿನಷ್ಟೇ ಸೊಟ್ಟಗೆ. ಹೊಸ ಫಿಲ್ಮನ್ನು ಅತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹಳೆಯದಕ್ಕೂ ಕೈ ಚಾಚಿದಾಗ ಅಜ್ಜಿ ಕೋಲು ಅಡ್ಡ ಹಿಡಿದರು.

"ಅದು ಎಲ್ಲಿತ್ತೋ ಅಲ್ಲೇ ಇರ್ಲಿ."

"ಡಾಕ್ಟ್ರು ಜೋಪಾನವಾಗಿಡಿ ಅಂದಿದ್ದಾರೆ."

"ನಿನ್ನ ಟ್ರಂಕು, ಅಟ್ಟ ಎಲ್ಲ ನೋಡಾಯ್ತಲ್ಲ. ನನ್ನಷ್ಟು ಜೋಪಾನ ಯಾರು ಮಾಡಿದ್ರು ಅದನ್ನ?"

ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಹಾಗಾಗಿ ಕುರ್ಚಿಯ ಕೆಲಸ ಶುರುವಾಯಿತು. ಮಾವ ಎರಡು ಅರ್ಧಗಳನ್ನೂ ಅವುಗಳ ಜಾಗಕ್ಕೆ ಕೂರಿಸಿದರು, ಈ ಸಲ ಮೊಳೆಯನ್ನು ಅಂಚಿಗಷ್ಟೇ ಹೊಡೆದರು. ಎಡ ಬಲ ಸರಿಮಾಡೋಣವೇ ಎಂದು ಕೇಳಿದಾಗ ಅಜ್ಜಿ ಬೇಡವೆಂದರು. ಚುಕ್ಕೆ ತಮ್ಮ ಕೈಯಡಿಗೇ ಇರಬೇಕಂತೆ.

ಉಳಿದದ್ದು ಬಟ್ಟೆ. ಅಜ್ಜಿ ಹೊಸ ಬಟ್ಟೆಗೆ ಒಪ್ಪಲಿಲ್ಲ, ಹಳೆಯದು ಎಳೆದರೆ ಹರಿಯುವಂತಿತ್ತು. ಮಾವ ಎರಡೂ ಕೈಯಿಂದ ಮೆಲ್ಲಗೆ ಹಿಡಿದರೆ ಮಾತ್ರ ಕೂರುತ್ತಿತ್ತು. ನನ್ನ ಗಂಡ ಗನ್ ತರಲೇ ಎಂದು ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಮುಚ್ಚಿಕೊಂಡ.

"ಸುತ್ತಿಗೆ ಕೊಡಿ, ನಾನು ಹೊಡೀತೀನಿ," ಎಂದರು ಅತ್ತೆ. "ನೀವು ಬಾಯಿಗೆ ಮೊಳೆ ಹಾಕೋದಂತೂ ಬೇಡ. ಡಾಕ್ಟ್ರು ಹೇಳಿದ್ದಾರೆ."

ಅತ್ತೆ ನೆಲಕ್ಕೆ ಕೂತರು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಬಟ್ಟೆಯ ಅಂಚು. ಒಂದು ಮೊಳೆ ಹೊಡೆದರು. ಎರಡನೆಯದಕ್ಕೆ ಡಬ್ಬಿಯ ಕಡೆ ಕೈ ಚಾಚಿದರೆ ಬಟ್ಟೆ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ಅತ್ತ ನೋಡಿದರು, ಇತ್ತ ನೋಡಿದರು. ಯಾರೂ ತಮ್ಮನ್ನು ಗಮನಿಸುತ್ತಿಲ್ಲ ಎಂದುಕೊಂಡು, ಒಂದಷ್ಟು ಮೊಳೆ ತೆಗೆದು ತುಟಿಗಳ ನಡುವೆ ಸಿಕ್ಕಿಸಿಕೊಂಡರು.

ನಾವು ನಾಲ್ವರೂ ನೋಡಿದೆವು.

"ಒಂದಿನ ನುಂಗ್ತೀಯ ನೋಡು," ಎಂದರು ಮಾವ.

"ಊಂ," ಎಂದರು ಅತ್ತೆ.

"ನಾಳೆಯಿಂದ ನಾನು ಮೇಷ್ಟ್ರು. ಬೆಳಿಗ್ಗೆ ಬೇಗ ಏಳ್ಬೇಕು. ಹೊಸ ಅಂಗಿಗೆ ಇಸ್ತ್ರಿ ಆಗ್ಬೇಕು. ಕುಂಬಳಕಾಯಿ ಈ ಮನೆಗೆ ಇನ್ನೊಂದು ವರ್ಷ ಬರೋ ಹಾಗಿಲ್ಲ."

ಅತ್ತೆ ಕಣ್ಣಲ್ಲೇ ಸುಟ್ಟರು. ಬಾಯಿ ತೆರೆಯುವಂತಿರಲಿಲ್ಲ. ಮಾವ ಮಾತಾಡುತ್ತಲೇ ಹೋದರು. ಇಷ್ಟು ವರ್ಷಗಳ ಬಾಕಿಯನ್ನೆಲ್ಲ ಒಂದೇ ಉಸಿರಿನಲ್ಲಿ, ಆ ಚುಕ್ಕೆಯಿದ್ದ ಎದೆಯ ಗಟ್ಟಿ ಉಸಿರಿನಲ್ಲಿ ಹೇಳಿದರು. ಅತ್ತೆಯ ಬಾಯಲ್ಲಿದ್ದ ಮೊಳೆ ಮುಗಿಯುತ್ತಾ ಬಂದಿತ್ತು.

ಅಜ್ಜಿ ಡಬ್ಬಿಯನ್ನು ಕೋಲಿನ ತುದಿಯಿಂದ ನನ್ನ ಕಡೆ ಮೆಲ್ಲಗೆ ತಳ್ಳಿದರು.

"ಇನ್ನೂ ನಾಲ್ಕು ಮೊಳೆ ಕೊಡು ಅವಳಿಗೆ," ಎಂದರು. "ಪಾಪ, ನನ್ನ ಮಗ ಈಗಿನ್ನೂ ಶುರು ಮಾಡಿದ್ದಾನೆ."